ಬಿಟ್ಟಾಡುವ ಸಾಕುನಾಯಿ: ನೆರೆಯವರ ಮೇಲೆ ದೂರು ಕೊಡಬೇಕೆ?

ಗ್ರಾಮ ಪಂಚಾಯತಿ ಸದಸ್ಯರ ಬಳಿಗೆ ಬರುವ ಅಹವಾಲುಗಳಲ್ಲಿ ಕೆಲವು ಎಂದಿಗೂ ಅರ್ಜಿಯ ರೂಪ ಪಡೆಯುವುದಿಲ್ಲ. ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಆರಿದರೆ ಜನರು ಬರೆದುಕೊಡುತ್ತಾರೆ. ನೆರೆಮನೆಯ ನಾಯಿ ದಾರಿಗೆ ಅಡ್ಡ ನಿಂತು ಗುರುಗುಟ್ಟಿದರೆ ಬರೆದುಕೊಡುವುದಿಲ್ಲ. ಚರಂಡಿಗೆ ಒಡೆಯನಿಲ್ಲ, ನಾಯಿಗೆ ಇದ್ದಾನೆ. ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರ್ ಕಳಿಸುವವನೂ ಮದುವೆಯಲ್ಲಿ ಮುಂದೆ ನಿಂತು ಬಡಿಸುವವನೂ ಹಲವು ಸಲ ಅವನೇ ಆಗಿರುತ್ತಾನೆ. ಆದ್ದರಿಂದ ಈ ವಿಷಯವು ಓಣಿಯ ಕಟ್ಟೆಯ ಮೇಲಿನ ಗೊಣಗಾಟವಾಗಿಯೇ ಉಳಿದು, ಯಾರಿಗಾದರೂ ಕಚ್ಚಿದ ದಿನ ಒಮ್ಮೆಲೇ ಜಗಳವಾಗಿ ಪಂಚಾಯತಿಯ ಬಾಗಿಲಿಗೆ ಬರುತ್ತದೆ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಕಾಡಂಚಿನ ಊರಿನಲ್ಲಿ ಹೀಗೊಂದು ಸನ್ನಿವೇಶವನ್ನು ಸದಸ್ಯರು ಕಲ್ಪಿಸಿಕೊಳ್ಳಬಹುದು. ಗೋವಿನಜೋಳದ ಹೊಲವನ್ನು ಕಾಡುಹಂದಿಗಳಿಂದ ಕಾಯಲು ರೈತರೊಬ್ಬರು ಮೂರು ನಾಯಿಗಳನ್ನು ಸಾಕಿದ್ದಾರೆ. ರಾತ್ರಿ ಬಿಟ್ಟ ನಾಯಿಗಳು ಬೆಳಗ್ಗೆ ಎಂಟರವರೆಗೂ ದಾರಿಯಲ್ಲಿಯೇ ಇರುತ್ತವೆ. ಐದನೆಯ ತರಗತಿಯ ಬಾಲಕಿಯೊಬ್ಬಳು ಆ ದಾರಿಯನ್ನು ಬಿಟ್ಟು ಸುತ್ತುಬಳಸಿ ಶಾಲೆಗೆ ಹೋಗುತ್ತಾಳೆ. ಜೊತೆಗೆ ಬರುವವರಿಲ್ಲದ ದಿನ ಹೋಗುವುದೇ ಇಲ್ಲ. ಡೇರಿಗೆ ಹಾಲು ಒಯ್ಯುವ ಮಹಿಳೆಯು ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಬಡಿಗೆ ಹಿಡಿದು ನಡೆಯುತ್ತಾಳೆ. ಇದುವರೆಗೆ ನಾಯಿಗಳು ಯಾರನ್ನೂ ಕಚ್ಚಿಲ್ಲ. ಪಕ್ಕದ ಮನೆಯವರೇ ವಾರ್ಡಿನ ಸದಸ್ಯರು. ಅವರು ದೂರು ಕೊಡಬೇಕೆ?

“ಕಚ್ಚಿಲ್ಲವಲ್ಲ, ಕಚ್ಚಿದರೆ ನೋಡೋಣ” ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಸಂಭವನೀಯ ಅಪಾಯ ಅಥವಾ ತೀವ್ರ ಗಾಯದ ಸಂಭವನೀಯ ಅಪಾಯ ಒದಗದಂತೆ ಸಾಕಷ್ಟು ಎಚ್ಚರ ವಹಿಸುವುದನ್ನು ತಿಳಿದೂ ಅಥವಾ ನಿರ್ಲಕ್ಷ್ಯದಿಂದ ಬಿಟ್ಟವರಿಗೆ ಆರು ತಿಂಗಳವರೆಗಿನ ಕಾರಾಗೃಹವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೆಯ ಪ್ರಕರಣದಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು. ಇಲ್ಲಿ ಗಮನಿಸಬೇಕಾದ ಪದ “ಸಂಭವನೀಯ”. ಗಾಯವಾಗುವವರೆಗೆ ಕಾಯಬೇಕೆಂದು ಪ್ರಕರಣದಲ್ಲಿ ಎಲ್ಲಿಯೂ ಇಲ್ಲ. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯೂ ಇದೇ ಜಾಡಿನದು; ನಾಯಿಯು ಗಾಯಗೊಳಿಸೀತೆಂಬ ಭಯಕ್ಕೆ ತಕ್ಕ ಕಾರಣವಿದ್ದರೆ ಅದು ಹತೋಟಿ ಮೀರಿದ ನಾಯಿ ಎಂದೇ ಅಲ್ಲಿ ಎಣಿಕೆ.

ಹಾಗೆಂದು ಬೊಗಳುವ ನಾಯಿಗಳೆಲ್ಲ ಈ ಪ್ರಕರಣದೊಳಗೆ ಬರುವುದಿಲ್ಲ. ಬೇಲಿಯೊಳಗೆ ನಿಂತು ಬೊಗಳುವುದು ನಾಯಿಯ ಕೆಲಸ. ಸಾರ್ವಜನಿಕ ದಾರಿಗೆ ಬಂದು ಸುತ್ತುವರಿಯುವುದು, ಬೈಕಿನ ಹಿಂದೆ ಬಿದ್ದು ಸವಾರನನ್ನು ಕೆಡಹುವಂತೆ ಓಡುವುದು, ಮಗುವನ್ನು ಗೋಡೆಗೆ ಒತ್ತಿ ನಿಲ್ಲಿಸುವುದು ಬೇರೆ. ಸದಸ್ಯರು ಕೇಳಬೇಕಾದ ಪ್ರಶ್ನೆ “ನಾಯಿ ಎಷ್ಟು ಕೆಟ್ಟದು?” ಎಂಬುದಲ್ಲ, “ಈ ನಾಯಿಯಿಂದಾಗಿ ಯಾರು ತಮ್ಮ ದಾರಿಯನ್ನು ಬದಲಿಸಿದ್ದಾರೆ?” ಎಂಬುದು. ದಾರಿ ಬದಲಿಸಿದವರು ಹೆಚ್ಚಾಗಿ ಮಕ್ಕಳು, ಮುದುಕರು, ನಸುಕಿನಲ್ಲಿ ಕಳೆ ತೆಗೆಯಲು ಹೊರಡುವ ಕೂಲಿ ಹೆಣ್ಣುಮಕ್ಕಳು. ಇವರು ಸಭೆಗೆ ಬಂದು ಮಾತನಾಡುವುದು ಅಪರೂಪ. ಅವರಿರುವಲ್ಲಿಗೆ ಹೋಗಿ ಕೇಳಬೇಕಾಗುತ್ತದೆ.

ಮೊದಲ ಹೆಜ್ಜೆ ಪೊಲೀಸ್ ಠಾಣೆಯಲ್ಲ, ನೆರೆಯವರ ಕಟ್ಟೆ. ಇದು ಕೇವಲ ಸೌಜನ್ಯದ ಮಾತಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. 291ನೆಯ ಪ್ರಕರಣವು “ತಿಳಿದೂ ಅಥವಾ ನಿರ್ಲಕ್ಷ್ಯದಿಂದ” ಎನ್ನುತ್ತದೆ. ನಾಯಿಗಳು ಶಾಲೆಯ ದಾರಿಯಲ್ಲಿ ಮಕ್ಕಳನ್ನು ಅಟ್ಟುತ್ತವೆಂಬುದನ್ನು ಒಡೆಯನಿಗೆ ದಿನಾಂಕ ಸಹಿತ ಒಮ್ಮೆ ತಿಳಿಸಿದ ಮೇಲೆ “ನನಗೆ ಗೊತ್ತಿರಲಿಲ್ಲ” ಎಂಬ ಮಾತಿಗೆ ಎಡೆಯಿರುವುದಿಲ್ಲ. ನೆರೆಯವರ ಸ್ನೇಹವನ್ನು ಉಳಿಸಬಲ್ಲ ಮಾತೇ, ಅದು ಫಲಿಸದಿದ್ದರೆ, ಮುಂದಿನ ದೂರಿಗೆ ಆಧಾರವೂ ಆಗುತ್ತದೆ. ಮಾತನ್ನು ಆರೋಪದಿಂದ ಆರಂಭಿಸದೆ ಬೇಡಿಕೆಯಿಂದ ಆರಂಭಿಸುವುದು ಲೇಸು: “ಕಾಕಾ, ಮುಂಜಾನೆ ಸಾಲಿ ಹುಡುಗ್ರು ಹೋಗೂ ಹೊತ್ತಿಗೆ ನಾಯಿ ಕಟ್ಟಿ ಹಾಕ್ರಿ.” ಉತ್ತರ ಬಹುಮಟ್ಟಿಗೆ “ಅವು ಏನೂ ಮಾಡೂದಿಲ್ಲ ಬಿಡ್ರಿ” ಎಂದೇ ಬರುತ್ತದೆ. ಒಡೆಯನ ಮಟ್ಟಿಗೆ ಅದು ನಿಜವೇ. ಅವನಿಗೆ ಅವು ಏನೂ ಮಾಡುವುದಿಲ್ಲ. ಅಂತಹ ಸಂದರ್ಭದಲ್ಲಿ ವಾದಕ್ಕಿಳಿಯದೆ, ಬೆಳಗಿನ ಹೊತ್ತು ದೂರ ನಿಂತು ಮಕ್ಕಳು ಹಾಯುವುದನ್ನು ಒಮ್ಮೆ ನೋಡುವಂತೆ ಅವರನ್ನು ಕೇಳಿಕೊಳ್ಳಬಹುದು.

ಒಡೆಯನ ಕಡೆಯ ಕಷ್ಟವನ್ನೂ ಕೇಳಬೇಕು. ಒಂದು ರಾತ್ರಿ ಹಂದಿ ನುಗ್ಗಿದರೆ ತಿಂಗಳುಗಟ್ಟಲೆ ಬೆಳೆಸಿದ ಪೈರು ನೆಲ ಕಚ್ಚುತ್ತದೆ. ನಾಯಿಯನ್ನು ಬಿಡಬೇಡಿ ಎಂದರೆ ಹೊಲವನ್ನು ಬಿಡಿ ಎಂದಂತೆ. ಹಗಲಿರುಳು ಸರಪಳಿಯಲ್ಲಿ ಇಡಿ ಎನ್ನುವಂತೆಯೂ ಇಲ್ಲ. ಸದಾ ಕಟ್ಟಿರುವ ನಾಯಿಗೆ ತಕ್ಕಷ್ಟು ಓಡಾಟ ಒದಗಿಸದಿರುವುದು ಪ್ರಾಣಿಗಳಿಗೆ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಪ್ರಕರಣದಡಿ ಅಪರಾಧ. ಆದ್ದರಿಂದ ಒಪ್ಪಂದವನ್ನು ಗಂಟೆಗಳ ಲೆಕ್ಕದಲ್ಲಿ ಮಾಡಿಕೊಳ್ಳುವುದು ಒಳ್ಳೆಯದು: ರಾತ್ರಿ ಹೊಲದಲ್ಲಿ, ಬೆಳಕು ಹರಿಯುವ ಮೊದಲೇ ಹಿತ್ತಲಿನ ಬೇಲಿಯೊಳಗೆ, ಕೊರಳಲ್ಲಿ ಪಟ್ಟಿ, ಪಶು ಚಿಕಿತ್ಸಾಲಯದಲ್ಲಿ ರೇಬೀಸ್ ಲಸಿಕೆ.

ಮಾತುಕತೆಯಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ದೂರಿನ ಸುಳಿವು ಸಿಕ್ಕೊಡನೆ “ಅದು ನಮ್ಮ ನಾಯಿಯೇ ಅಲ್ಲ, ಬೀದಿಯದು, ಅನ್ನ ಹಾಕುತ್ತೇವೆ ಅಷ್ಟೆ” ಎನ್ನುವವರುಂಟು. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಸಾಕುನಾಯಿಯ ಲಸಿಕೆ ಮತ್ತು ಸಂತಾನಶಕ್ತಿಹರಣದ ಹೊಣೆ ಒಡೆಯನದು, ಬೀದಿನಾಯಿಯದು ಸ್ಥಳೀಯ ಪ್ರಾಧಿಕಾರದ್ದು. ನಾಯಿ ಯಾರದೆಂಬುದು ತೀರ್ಮಾನವಾಗದಿದ್ದರೆ ಆ ಹೊಣೆ ಸುತ್ತಿ ಬಂದು ಪಂಚಾಯತಿಯ ತಲೆಯ ಮೇಲೆಯೇ ಕೂರುತ್ತದೆ. ಆದುದರಿಂದ ಒಡೆತನದ ಪ್ರಶ್ನೆಯನ್ನು ಮೊದಲ ಭೇಟಿಯಲ್ಲಿಯೇ, ಜಗಳ ಬೆಳೆಯುವ ಮುನ್ನ, ಸ್ಪಷ್ಟಪಡಿಸಿಕೊಳ್ಳಬೇಕು.

ತಿಳಿಸಿಯೂ ನಡತೆ ಬದಲಾಗದಿದ್ದರೆ ದೂರು ಕೊಡುವುದು ದ್ರೋಹವಲ್ಲ. ಪಂಚಾಯತಿಯಿಂದ ಲಿಖಿತ ತಿಳಿವಳಿಕೆ ಪತ್ರ ಹೋಗಲಿ. ಅದಕ್ಕೂ ಬೆಲೆ ಸಿಗದಿದ್ದರೆ ಪೊಲೀಸ್ ಠಾಣೆಗೆ ದೂರು ನೀಡಬಹುದು. 291ನೆಯ ಪ್ರಕರಣದ ಅಪರಾಧವನ್ನು ಪೊಲೀಸರು ನೇರವಾಗಿ ತನಿಖೆಗೆ ಎತ್ತಿಕೊಳ್ಳಬಲ್ಲರು, ಅದು ಜಾಮೀನು ಸಿಗುವ ಅಪರಾಧ. ಶಿಕ್ಷೆಗಿಂತ ಪರಿಹಾರ ಬೇಕೆನ್ನುವವರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದ ದಾರಿ ಇದೆ. ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕುವಂತೆ ಉಪವಿಭಾಗ ದಂಡಾಧಿಕಾರಿಯವರು ಷರತ್ತಿನ ಆದೇಶ ಹೊರಡಿಸಬಹುದು. ಆಕ್ಷೇಪವಿದ್ದರೆ ಒಡೆಯನು ಹಾಜರಾಗಿ ಕಾರಣ ತೋರಿಸಬೇಕಾಗುತ್ತದೆ. ಈ ಎರಡನೆಯ ದಾರಿ ಹಳ್ಳಿಗಳಿಗೆ ಹೆಚ್ಚು ಒಗ್ಗುವಂತಹುದು.

ದೂರಿನಲ್ಲಿ ನಾಯಿಯ ನಡತೆಯನ್ನು ಬರೆಯಬೇಕು, ಜಾತಿಯನ್ನಲ್ಲ. 23 ತಳಿಯ ನಾಯಿಗಳನ್ನು ನಿಷೇಧಿಸಲು ಕೇಂದ್ರವು 2024ರ ಮಾರ್ಚ್ 12ರಂದು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಇನ್ನು, ಚುನಾವಣೆಯ ಮುಯ್ಯಿ ತೀರಿಸಿಕೊಳ್ಳಲು ನಾಯಿಯನ್ನು ನೆಪ ಮಾಡಿಕೊಂಡ ದೂರನ್ನು ಊರು ಒಂದೇ ದಿನದಲ್ಲಿ ಗುರುತಿಸುತ್ತದೆ. ಮುಂದೆ ನಿಜವಾದ ದೂರಿಗೂ ಬೆಲೆ ಹೋಗುತ್ತದೆ. ಮಾತಿಗೂ ಕಾಗದಕ್ಕೂ ಬೇಸತ್ತು ವಿಷವಿಕ್ಕುವುದು ನ್ಯಾಯ ಸಂಹಿತೆಯ 325ನೆಯ ಪ್ರಕರಣದಂತೆ ಐದು ವರ್ಷದವರೆಗಿನ ಶಿಕ್ಷೆಯ ಅಪರಾಧ. ಅಂದರೆ ನಾಯಿ ಬಿಟ್ಟವನಿಗಿಂತ ವಿಷವಿಟ್ಟವನೇ ಹೆಚ್ಚು ಸಿಕ್ಕಿಬೀಳುತ್ತಾನೆ.

ಈ ನಡುವೆ ಕಚ್ಚಿಯೇಬಿಟ್ಟರೆ ದೂರಿನ ಮಾತು ಆಮೇಲೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಖಾರದ ಪುಡಿ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ನಾಯಿಯನ್ನು ಹೊಡೆದು ಕೊಲ್ಲುವುದೂ ಒಡೆಯನು ಅದನ್ನು ಬೇರೆ ಊರಿಗೆ ಸಾಗಿಸುವುದೂ ತಪ್ಪು, ಏಕೆಂದರೆ ಹತ್ತು ದಿನ ಅದರ ಮೇಲೆ ಕಣ್ಣಿಡಬೇಕು. ಆ ಹತ್ತು ದಿನ ಲಸಿಕೆಯನ್ನು ನಿಲ್ಲಿಸಿ ಕಾಯುವಂತೆಯೂ ಇಲ್ಲ.

ಮೇಲಿನ ಸನ್ನಿವೇಶದ ಸದಸ್ಯರು ತಮ್ಮ ಪುಸ್ತಕದಲ್ಲಿ ಬರೆದಿಡಬೇಕಾದದ್ದು ಇಷ್ಟು: ದಿನಾಂಕ, ಬೆಳಗಿನ ಸಮಯ, ಮೂರು ನಾಯಿಗಳು ಶಾಲೆಯ ದಾರಿಯಲ್ಲಿ ಬಾಲಕಿಯನ್ನು ಸುತ್ತುವರಿದವು, ಕಂಡವರು ಇಬ್ಬರು, ಅದೇ ಸಂಜೆ ಒಡೆಯರಿಗೆ ತಿಳಿಸಲಾಯಿತು, ಬೆಳಗಾಗುವ ಮೊದಲೇ ಕೂಡಿಹಾಕಲು ಒಪ್ಪಿದರು, ಹದಿನೈದು ದಿನ ಬಿಟ್ಟು ಅದೇ ಹೊತ್ತಿಗೆ ಆ ದಾರಿಯಲ್ಲಿ ನಡೆದು ನೋಡತಕ್ಕದ್ದು.