ಆರು ಸೆಷನ್, ಮೂರು ತಿಂಗಳು: ಸೀನಿದರೆ ಸೋರುವ ಮೂತ್ರಕ್ಕೆ ಯುಎಇಯಲ್ಲಿ ಚಿಕಿತ್ಸೆಯ ದಾರಿ

ದುಬೈ, ಅಬುಧಾಬಿಗಳಲ್ಲಿ ಹೆರಿಗೆಯಾದ ನಮ್ಮ ಹೆಣ್ಣುಮಕ್ಕಳಿಗೆ ಎರಡು ಅರವತ್ತು ದಿನಗಳು ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಖಾಸಗಿ ಕಂಪನಿಯ ಹೆರಿಗೆ ರಜೆ 60 ದಿನ. 45 ದಿನಕ್ಕೆ ಪೂರ್ತಿ ಸಂಬಳ, 15 ದಿನಕ್ಕೆ ಅರ್ಧ. ಬಾಣಂತನಕ್ಕೆ ಊರಿಂದ ಬಂದ ಅಮ್ಮನ ವಿಸಿಟ್ ವೀಸಾ ಕೂಡ ಎಷ್ಟೋ ಸಲ 60 ದಿನದ್ದೇ. ಅಮ್ಮನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ವಾರವೇ ಆಫೀಸು. ಎಸಿ ತಣ್ಣಗೆ ಬೀಸುತ್ತದೆ, ಸೀನು ಬರುತ್ತದೆ, ಒಳಉಡುಪು ಒದ್ದೆ. ಫೋನಿನಲ್ಲಿ ಹೇಳಿಕೊಂಡರೆ ಅಮ್ಮನ ಉತ್ತರ ಸಿದ್ಧವಾಗಿದೆ: "ಹೆತ್ತ ಮೇಲೆ ಇದ್ದದ್ದೇ ಮಗಾ, ನನಗೂ ಉಂಟಲ್ಲ."

ಇದ್ದದ್ದು ಹೌದು, ಇರಲೇಬೇಕೆಂದಿಲ್ಲ. ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿ ಕಟ್ಟಿದ ಹಾಗೆ ಸ್ನಾಯುಗಳ ಒಂದು ಪದರವಿದೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಮೇಲಿನ ಕರುಳು ಕೂತಿರುವುದು ಅದರ ಆಸರೆಯಲ್ಲಿ. ಇದನ್ನು ಶ್ರೋಣಿತಳ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕೇಳಿಬರುವ ಹೆಸರು ಪೆಲ್ವಿಕ್ ಫ್ಲೋರ್. ತಿಂಗಳುಗಟ್ಟಲೆ ಬಸಿರಿನ ಭಾರ ಹೊತ್ತ ಜೋಲಿ ಸಡಿಲವಾಗುತ್ತದೆ, ಆದ್ದರಿಂದ ಸಿಸೇರಿಯನ್ ಆದವರಿಗೂ ಪೂರ್ತಿ ವಿನಾಯಿತಿಯಿಲ್ಲ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಿಗೂ ಇದೇ ತೊಂದರೆ ಬರುತ್ತದೆ, ಇದೇ ಚಿಕಿತ್ಸೆ ಸಲ್ಲುತ್ತದೆ.

ಯೋಗ ಕಲಿತವರು ಮೂಲಬಂಧವೆಂದು ಮಾಡುವುದಕ್ಕೆ ಹತ್ತಿರದ ಬಿಗಿತವನ್ನು 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಚಿಕಿತ್ಸೆಯಾಗಿ ಬರೆದರು. ಬಿಗಿತ ಸರಿಯಾಗಿದೆಯೇ ಎಂದು ರೋಗಿಗೇ ಕಾಣುವಂತೆ ಅವರು ಒಂದು ಒತ್ತಡ ಮಾಪಕವನ್ನೂ ಬಳಸುತ್ತಿದ್ದರು. ಲೋಕಕ್ಕೆ ವ್ಯಾಯಾಮ ನೆನಪುಳಿಯಿತು, ಮಾಪಕ ಮರೆತುಹೋಯಿತು. ಯೂಟ್ಯೂಬ್ ನೋಡಿ "ಕೆಗೆಲ್ ಮಾಡಿದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಹಲವರು ಬಿಗಿಹಿಡಿಯುತ್ತಿರುವುದು ಪೃಷ್ಠವನ್ನೋ ತೊಡೆಯನ್ನೋ. ಇನ್ನು ಕೆಲವರ ಸ್ನಾಯು ಸಡಿಲವೇ ಅಲ್ಲ, ಬಿಡಲಾರದಷ್ಟು ಬಿಗಿ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ತಡ, ಕಿಬ್ಬೊಟ್ಟೆಯಲ್ಲಿ ಸದಾ ಎಳೆತ ಇರುವವರು ಕೆಗೆಲ್ ಮಾಡಿದರೆ ತೊಂದರೆ ಹೆಚ್ಚಬಹುದು. ಅವರು ಕಲಿಯಬೇಕಾದದ್ದು ಸಡಿಲಿಸುವುದನ್ನು. ಪರೀಕ್ಷೆ ಮೊದಲು, ವ್ಯಾಯಾಮ ಆಮೇಲೆ ಎನ್ನುವುದು ಇದಕ್ಕೇ.

ಹೋಗುವ ಮೊದಲು ಮೂರು ದಿನ

ಒಂದು ನೋಟ್‌ಬುಕ್ಕಿನಲ್ಲೋ ಮೊಬೈಲಿನಲ್ಲೋ ಬರೆದಿಡಿ: ಎಷ್ಟು ಲೋಟ ನೀರು, ಎಷ್ಟು ಕರಕ್ ಚಾಯ್, ಎಷ್ಟು ಸಲ ಒಂದಕ್ಕೆ ಹೋದಿರಿ, ಯಾವಾಗ ಸೋರಿತು. ಕೆಮ್ಮಿದಾಗ, ಮಗುವನ್ನು ಎತ್ತಿದಾಗ ಸೋರಿದರೆ ಒಂದು ಬಗೆ. ಫ್ಲ್ಯಾಟಿನ ಬಾಗಿಲಿನ ಕೀಲಿ ತೆಗೆಯುವಷ್ಟರಲ್ಲಿ ತಡೆಯಲಾಗದೆ ಹೋದರೆ ಇನ್ನೊಂದು ಬಗೆ. ಚಿಕಿತ್ಸೆಯೂ ಬೇರೆ. ಸೋರುತ್ತದೆಂದು ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶ ಕೆರಳುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಇಲ್ಲಿನ ಬೇಸಿಗೆಯಲ್ಲಿ ಅದು ಅಪಾಯವೂ ಹೌದು. ಶಾರ್ಜಾ ದಾರಿಯ ಟ್ರಾಫಿಕ್ಕಿಗೆ ಹೆದರಿ "ಇರಲಿ" ಎಂದು ಅರ್ಧ ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಹೋಗಿಬರುವ ಅಭ್ಯಾಸವಿದೆಯಲ್ಲ, ಅದನ್ನೂ ಬರೆಯಿರಿ. ಸ್ವಲ್ಪವೇ ತುಂಬಿದರೂ ಅವಸರಪಡಿಸುವುದನ್ನು ಮೂತ್ರಕೋಶ ಕಲಿಯುವುದು ಹಾಗೆಯೇ.

ಚೀಟಿ, ಅನುಮತಿ, ಲೈಸೆನ್ಸ್

ಹೆರಿಗೆಯ ನಂತರದ ಆರು ವಾರದ ತಪಾಸಣೆಯಲ್ಲಿ ವೈದ್ಯರು ಹೊಲಿಗೆ ನೋಡುತ್ತಾರೆ, ಬಿಪಿ ನೋಡುತ್ತಾರೆ. ಸೋರುವ ಮಾತು ನೀವಾಗಿ ಎತ್ತದಿದ್ದರೆ ಹಾಗೇ ಮುಗಿದುಹೋಗಬಹುದು. "ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಗೆ ರೆಫರಲ್ ಕೊಡಿ" ಎಂದು ನೇರವಾಗಿ ಕೇಳಿ. ವಿಮೆಯಿಂದ ಹಣ ಬರಬೇಕಾದರೆ ಆ ಚೀಟಿ ಬೇಕು.

ದುಬೈಯಲ್ಲಿ 2013ರ 11ನೇ ಕಾನೂನಿನಿಂದ ಆರೋಗ್ಯ ವಿಮೆ ಕಡ್ಡಾಯ. ಅಬುಧಾಬಿಯಲ್ಲಿ ಅದಕ್ಕೂ ಮೊದಲೇ, 2005ರ ಕಾನೂನಿನಿಂದ. ದುಬೈಯ ಮೂಲ ವಿಮೆಯಾದ ಎಸೆನ್ಶಿಯಲ್ ಬೆನಿಫಿಟ್ಸ್ ಪ್ಲಾನಿನಲ್ಲಿ ಫಿಸಿಯೋಥೆರಪಿಗೆ ವರ್ಷಕ್ಕೆ 6 ಸೆಷನ್ ಮಿತಿ, ಅದೂ ಮುಂಗಡ ಅನುಮತಿ ಪಡೆದ ಮೇಲೆ. ದೊಡ್ಡ ಪಾಲಿಸಿಗಳಲ್ಲಿ ಹೆಚ್ಚಿರುತ್ತದೆ. ನಿಮ್ಮ ಪಾಲಿಸಿಯ 'ಟೇಬಲ್ ಆಫ್ ಬೆನಿಫಿಟ್ಸ್' ಹಾಳೆ ತೆಗೆದು ಎಷ್ಟು ಸೆಷನ್, ಕೈಯಿಂದ ಕೊಡುವ ಪಾಲೆಷ್ಟು, ಯಾವ ಕ್ಲಿನಿಕ್ಕುಗಳು ನೆಟ್‌ವರ್ಕಿನಲ್ಲಿವೆ ಎಂಬ ಮೂರನ್ನೇ ನೋಡಿ.

ಸಲೂನು, ಸ್ಪಾ, ಜಿಮ್‌ಗಳೂ ಈಗ ಪೆಲ್ವಿಕ್ ಫ್ಲೋರ್ ಹೆಸರಲ್ಲಿ ಕುರ್ಚಿ, ಮಸಾಜು ಮಾರುತ್ತಿವೆ. ಫಿಸಿಯೋಥೆರಪಿಸ್ಟ್‌ಗೆ ದುಬೈಯಲ್ಲಾದರೆ ದುಬೈ ಹೆಲ್ತ್ ಅಥಾರಿಟಿಯ, ಅಬುಧಾಬಿಯಲ್ಲಾದರೆ ಅಲ್ಲಿನ ಆರೋಗ್ಯ ಇಲಾಖೆಯ ಲೈಸೆನ್ಸ್ ಇರಬೇಕು. ದುಬೈ ಹೆಲ್ತ್‌ಕೇರ್ ಸಿಟಿಗೆ ತನ್ನದೇ ಪ್ರಾಧಿಕಾರವಿದೆ. ಮಣಿಪಾಲ, ಮಂಗಳೂರಿನಲ್ಲಿ ಓದಿದ ಫಿಸಿಯೋಗಳು ಇಲ್ಲಿ ಸಿಗುತ್ತಾರೆ. ಇಂಥ ವಿಷಯವನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಳ್ಳಬೇಕೆನಿಸಿದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ ನೋಡಿ.

ಮೊದಲ ಭೇಟಿ

ಮಾತೇ ಬಹಳ ಹೊತ್ತು. ಆಮೇಲೆ ಉಸಿರಾಟ, ಹೊಟ್ಟೆ, ಸೊಂಟದ ಪರೀಕ್ಷೆ. ಸ್ನಾಯುವಿನ ಬಲ ತಿಳಿಯಲು ಕೈಗವಸು ಹಾಕಿ ಒಳಗಿನಿಂದ ಪರೀಕ್ಷಿಸುವುದೂ ಇದೆ, ನಿಮ್ಮ ಒಪ್ಪಿಗೆಯಿದ್ದರೆ ಮಾತ್ರ. ಬೇಡವೆನ್ನಬಹುದು, ನಡುವೆ ನಿಲ್ಲಿಸೆನ್ನಬಹುದು, ಮಹಿಳಾ ಫಿಸಿಯೋನೇ ಬೇಕೆನ್ನಬಹುದು. ಮದುವೆಯಾಗದವರಿಗೆ, ಮುಜುಗರಪಡುವವರಿಗೆ ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಹಿಡಿದು ಸ್ನಾಯು ಎತ್ತುತ್ತಿದೆಯೇ ಎಂದು ನೋಡುವ ದಾರಿಯಿದೆ. ಕೆಗೆಲರ ಮಾಪಕದ ಕೆಲಸವನ್ನು ಈಗ ಆ ಪರದೆ ಮಾಡುತ್ತದೆ.

ಮನೆಯಲ್ಲಿ

ನಾಲ್ಕು ಜನರ ನಡುವೆ ಕೂತಾಗ ಹೂಸು ತಡೆಹಿಡಿಯುತ್ತೇವಲ್ಲ, ಆ ಬಿಗಿತ. ಅದನ್ನೇ ಹಿಂದಿನಿಂದ ಮುಂದಕ್ಕೆ, ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ ಉಬ್ಬಬಾರದು, ಉಸಿರು ಕಟ್ಟಬಾರದು. ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನೇ ನಡೆಯುತ್ತದೆ. ಹಿಡಿದಷ್ಟೇ ಹೊತ್ತು ಬಿಡುವುದೂ ವ್ಯಾಯಾಮದ ಭಾಗ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ (NICE) ಹೊರತಂದ ಮಾರ್ಗಸೂಚಿಯ ಲೆಕ್ಕ ಹೀಗಿದೆ: ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಸೀನು ಬರುವ ಮುನ್ಸೂಚನೆ ಸಿಕ್ಕಿದ ಕೂಡಲೇ ಬಿಗಿಹಿಡಿದು ಆಮೇಲೆ ಸೀನುವುದು ಒಂದು ಸಣ್ಣ ಉಪಾಯ. ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ, ಲುಲುವಿನ ಸಾಮಾನಿನ ಚೀಲ ಎತ್ತುವಾಗಲೂ ಹಾಗೆಯೇ.

ಕಮೋಡಿನ ಮೇಲೆ ಕೂತು ಮುಕ್ಕುವುದು ಈ ಸ್ನಾಯುವಿಗೆ ದೊಡ್ಡ ಹೊಡೆತ. ಕಾಲಡಿಗೆ ಗಿಡ್ಡ ಸ್ಟೂಲಿಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂತರೆ ಊರಿನ ಕುಕ್ಕರುಗಾಲಿನ ಭಂಗಿ ಅರ್ಧ ವಾಪಸ್ ಬಂದಂತೆ. ಬಾಣಂತಿಯ ಹೊಟ್ಟೆಗೆ ಸೀರೆ ಸುತ್ತುವ ಅಮ್ಮನ ಮೇಲೆ ಸಿಟ್ಟಾಗಬೇಡಿ. ತೀರಾ ಬಿಗಿದರೆ ಒತ್ತಡ ಕೆಳಗಿಳಿಯುತ್ತದೆ, ಸಡಿಲ ಕಟ್ಟಲಿ.

ಆರನ್ನು ಖರ್ಚು ಮಾಡುವ ಬಗೆ

ಕ್ಲಿನಿಕ್ಕುಗಳು ವಾರಕ್ಕೆರಡರಂತೆ ಬುಕ್ ಮಾಡಿದರೆ ಮೂರೇ ವಾರದಲ್ಲಿ ಆರೂ ಮುಗಿದಿರುತ್ತವೆ, ಸ್ನಾಯು ಬಲಗೊಳ್ಳಲು ಇನ್ನೂ ಎರಡು ತಿಂಗಳು ಬಾಕಿಯಿರುತ್ತದೆ. ಮೊದಲ ಎರಡನ್ನು ವಾರದ ಅಂತರದಲ್ಲಿ ಇಟ್ಟುಕೊಂಡು, ಉಳಿದವನ್ನು ಎರಡು ಮೂರು ವಾರಕ್ಕೊಂದರಂತೆ ಹಂಚಿ, ಕೊನೆಯದನ್ನು ಮೂರನೇ ತಿಂಗಳ ಕೊನೆಗೆ ಉಳಿಸಿಕೊಳ್ಳಲಾದೀತೇ ಎಂದು ಫಿಸಿಯೋ ಜೊತೆ ಮಾತಾಡಿ. ವಿಮೆಯ ಅನುಮತಿಗೆ ಅವಧಿಯ ಗಡುವಿರುತ್ತದೆ. ತಾರೀಖು ನೋಡಿಕೊಂಡು ಮತ್ತೆ ಅರ್ಜಿ ಹಾಕಿಸಿ.

ಮೂತ್ರದಲ್ಲಿ ರಕ್ತ, ಜ್ವರದ ಜೊತೆ ಉರಿಮೂತ್ರ, ಯೋನಿಯಿಂದ ಗಡ್ಡೆಯಂತೆ ಹೊರಚಾಚಿಕೊಂಡದ್ದು ಕಂಡರೆ ಫಿಸಿಯೋಗಿಂತ ಮೊದಲು ವೈದ್ಯರನ್ನು ನೋಡಬೇಕು. ಮೂತ್ರ ಕಟ್ಟಿಹೋಗಿದ್ದರೆ, ತೊಡೆಗಳ ನಡುವಿನ ಜಾಗ ಮರಗಟ್ಟಿದ್ದರೆ ಅದೇ ಗಂಟೆಯಲ್ಲಿ ಎಮರ್ಜೆನ್ಸಿಗೆ ಹೋಗಿ. ಆಂಬುಲೆನ್ಸ್ ಸಂಖ್ಯೆ 998.

ಅಮ್ಮ "ನನಗೂ ಉಂಟಲ್ಲ" ಅಂದದ್ದನ್ನು ಮರೆಯಬೇಡಿ. ವಿಸಿಟ್ ವೀಸಾದ ವಿಮೆ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಒದಗುವುದಿಲ್ಲ. ಅವರ ಮೂರು ದಿನದ ಲೆಕ್ಕವನ್ನೂ ಫೋನಿನಲ್ಲೇ ಬರೆಸಿ, ಊರಿನ ಸ್ತ್ರೀರೋಗ ತಜ್ಞರಲ್ಲಿಗೆ ಅದನ್ನು ಹಿಡಿದುಕೊಂಡೇ ಹೋಗಲಿ.