ಹೀರೆ ಹೂವಿನ ಹೊತ್ತೇ ಬೇರೆ

ಪ್ರಶ್ನೆ: ತಾರಸಿಯ ಕುಂಡದಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದೇನೆ. ಅಡುಗೆಮನೆ ಕಸದ ಗೊಬ್ಬರ ಧಾರಾಳವಾಗಿ ಹಾಕುತ್ತೇನೆ. ಪಕ್ಕದಲ್ಲಿ ತುಳಸಿ, ಚೆಂಡು ಹೂ ಇವೆ, ಜೇನುಗಳೂ ಬರುತ್ತವೆ. ಆದರೂ ಹೀಚು ಹಳದಿಯಾಗಿ ಉದುರುತ್ತದೆ. ಯಾಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಜೇನುಗಳ ತಪ್ಪೇನೂ ಇಲ್ಲ. ಅವು ಗೂಡು ಸೇರುವ ಹೊತ್ತಿಗೆ ಹೀರೆ ಅರಳುತ್ತದೆ, ಪರಾಗ ತಾಗದ ಹೀಚು ಉದುರುತ್ತದೆ. ಕುಂಬಳ, ಸೌತೆ, ಹಾಗಲ ಬೆಳಗಿನ ಹೂಗಳು. ಕುಂಬಳವಂತೂ ನಸುಕಿನಲ್ಲೇ ಅರಳಿ ಮಧ್ಯಾಹ್ನದೊಳಗೆ ಮುದುಡಿರುತ್ತದೆ. ಹೀರೆ, ಸೋರೆ, ಪಡವಲ ಹೊತ್ತಿಳಿದ ಮೇಲೆ ಅರಳುವವು. ತಮಾಷೆಯೆಂದರೆ, ಹೀರೆಯ ದಾಯಾದಿ ತುಪ್ಪದ ಹೀರೆ ಮಾತ್ರ ಬೆಳಗಿನದು. ಅದನ್ನೇ ನೆಟ್ಟಿದ್ದರೆ ಬಹುಶಃ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಸಂಜೆಯ ಹೂವಿಗೆ ಗಿರಾಕಿ ಪತಂಗ. ತಾರಸಿಯಲ್ಲಿ ರಾತ್ರಿಯಿಡೀ ಎಲ್‌ಇಡಿ ಉರಿಯುತ್ತಿದ್ದರೆ ಅದು ದೀಪವನ್ನೇ ಸುತ್ತುತ್ತಿರುತ್ತದೆ, ಹೂವಿನ ಕಡೆ ಬರುವುದು ಕಡಿಮೆ. ದೀಪ ಆರಿಸಿ ನೋಡಿ. ಮೂರನೇ ಮಹಡಿಯ ಮೇಲೆ ಒಂಟಿ ಬಳ್ಳಿಯಿದ್ದರೆ ಅಷ್ಟೂ ಸಾಲದು. ಪರಾಗ ಮುಟ್ಟಿಸುವ ಕೆಲಸ ನೀವೇ ಮಾಡುವುದು ವಾಸಿ.

ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಳ್ಳಿಯ ಹತ್ತಿರ ಹೋಗಿ. ಗೊಂಚಲಾಗಿ ಬಂದು ದಿನಕ್ಕೊಂದೆರಡರಂತೆ ಅರಳುವವು ಗಂಡು ಹೂಗಳು. ಒಂಟಿಯಾಗಿ, ಬುಡದಲ್ಲಿ ಕಿರುಬೆರಳಿನಷ್ಟು ಏಣುಳ್ಳ ಮಿಡಿ ಹೊತ್ತಿರುವುದು ಹೆಣ್ಣು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಭಾಗಕ್ಕೆ ಎಲ್ಲ ಕಡೆ ತಾಗುವಂತೆ ಸವರಿ. ಒಂದು ಮಗ್ಗುಲಿಗಷ್ಟೇ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ನಾಳೆ ಬೆಳಿಗ್ಗೆ ಕಾಫಿ ಕುಡಿದು ಮಾಡಿದರಾಯಿತು ಅನ್ನಬೇಡಿ, ಅಷ್ಟರಲ್ಲಿ ಹೂ ಬಾಡಿರುತ್ತದೆ. ಬಳ್ಳಿಯಲ್ಲಿ ಮೊದಮೊದಲು ಬರೀ ಗಂಡು ಹೂಗಳೇ ಬರುವುದು ಸಹಜ. ಅದಕ್ಕೆ ಔಷಧ ಹುಡುಕಬೇಕಿಲ್ಲ.

ಗೊಬ್ಬರ ‘ಧಾರಾಳವಾಗಿ’ ಎಂದಿರಿ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯ ಸೊಕ್ಕಿಗೆ ಬೀಳುತ್ತದೆ, ಹೆಣ್ಣು ಹೂ ತಡವಾಗುತ್ತದೆ. ಹೂ ಶುರುವಾದ ಮೇಲೆ ಕೈ ಬಿಗಿಹಿಡಿಯಿರಿ. ಗೊಬ್ಬರ ಮಣ್ಣಿನ ವಾಸನೆ ಬರುವಷ್ಟು ಕಳಿತಿರಲಿ. ಹುಳಿ ನಾತ ಬರುತ್ತಿದ್ದರೆ ಅದಿನ್ನೂ ಕಸವೇ. ಒಣ ಎಲೆ ಸೇರಿಸಿ, ಕೆದಕಿ, ಇನ್ನಷ್ಟು ದಿನ ಬಿಡಿ.

ಇಷ್ಟೆಲ್ಲ ಮಾಡುವ ಮೊದಲು ಉದುರಿದ ಒಂದು ಹೀಚನ್ನು ಸೀಳಿ ನೋಡಿ. ಒಳಗೆ ಸ್ವಚ್ಛವಾಗಿದ್ದರೆ ಮೇಲೆ ಹೇಳಿದ್ದೇ ಕಾರಣವಿರಬೇಕು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದು, ಒಳಗೆ ಬಿಳಿ ಹುಳು ಮಿಸುಕುತ್ತಿದ್ದರೆ ಅದು ಹಣ್ಣುನೊಣದ ಕೆಲಸ. ಗೊಬ್ಬರದ ಡಬ್ಬಿಯಲ್ಲಿ ಕಾಣುವ ದಪ್ಪ ಕಂದು ಹುಳುಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ಕಸ ತಿಂದು ಕರಗಿಸುವ ಬೇರೆ ನೊಣದ ಮರಿಗಳು, ಇರಲಿ ಬಿಡಿ.

ಹುಳು ಬಿದ್ದ ಹೀಚನ್ನು ಮಾತ್ರ ಆ ಡಬ್ಬಿಗೆ ಹಾಕಬೇಡಿ. ಹಣ್ಣುನೊಣದ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಗೊಬ್ಬರದ ಜೊತೆ ಮತ್ತೆ ಕುಂಡಕ್ಕೇ ಬಂದೀತು. ಅಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹುಳು ಸಾಯುವವರೆಗೆ ಸುಡುಬಿಸಿಲಿನಲ್ಲಿಡಿ. ಉಳಿದ ಮಿಡಿಗಳಿಗೆ, ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ, ಹಳೆ ಕಾಗದದ ಚೀಲ ತೊಡಿಸಿ.