ಒಂದೇ ಮ್ಯಾಚಿಗೆ ಮನೆಗೆ ಕಳಿಸದ ಟೂರ್ನಮೆಂಟ್

ಹೋದ ಸೆಮ್‌ನ ಇಂಟರ್-ಬ್ರಾಂಚ್ ಹ್ಯಾಂಡ್‌ಬಾಲ್ ನಿಮಗೆ ನೆನಪಿದೆಯೋ ಇಲ್ವೋ, ನಮಗಂತೂ ಇದೆ. ಎರಡು ತಿಂಗಳು ಬೆಳಿಗ್ಗೆ ಆರಕ್ಕೇ ಎದ್ದು ಪ್ರಾಕ್ಟೀಸ್ ಮಾಡಿದ್ವಿ. ಮೊದಲ ಮ್ಯಾಚಲ್ಲೇ ಹಿಂದಿನ ವರ್ಷದ ಚಾಂಪಿಯನ್ಸ್ ಎದುರಾದರು. ಅರ್ಧ ಗಂಟೆಯಲ್ಲಿ ಕಥೆ ಮುಗೀತು. ಬೆವರು ಆರೋಕೆ ಮುಂಚೆನೇ ಕ್ಯಾಂಟೀನ್‌ನಲ್ಲಿ ಟೀ ಕುಡೀತಾ ಕೂತಿದ್ವಿ. ಎಂಟು ಟೀಮಲ್ಲಿ ನಾಲ್ಕು ಟೀಮಿನ ಗತಿ ಇದೇ ಆಗಿತ್ತು.

ಸೋತಿದ್ದಕ್ಕೆ ಬೇಜಾರಿಲ್ಲ, ನಿಜವಾಗಿ ಅವರು ಚೆನ್ನಾಗಿ ಆಡಿದ್ರು. ಬೇಜಾರಾಗಿದ್ದು ಎರಡು ತಿಂಗಳಿಗೆ ಸಿಕ್ಕಿದ್ದು ಅರ್ಧ ಗಂಟೆ ಆಟ ಅನ್ನೋದಕ್ಕೆ. ಇದಕ್ಕೆ ಬೇರೆ ದಾರಿ ಇದೆಯಾ ಅಂತ ಹುಡುಕುವಾಗ ಸ್ವೀಡನ್ ದೇಶದ ಪಾರ್ಟಿಲ್ಲೆ ಕಪ್ ಬಗ್ಗೆ ಗೊತ್ತಾಯ್ತು.

ಮೊದಲು ಆಟದ ಬಗ್ಗೆ ಎರಡು ಮಾತು. ಹ್ಯಾಂಡ್‌ಬಾಲ್ ಕೋರ್ಟ್ 40 ಮೀಟರ್ ಉದ್ದ, 20 ಮೀಟರ್ ಅಗಲ. ಒಂದು ಕಡೆಗೆ ಏಳು ಜನ, ಅದರಲ್ಲಿ ಒಬ್ಬ ಗೋಲಿ. ಚೆಂಡು ಕೈಯಲ್ಲಿ ಹಿಡಿದು ಮೂರು ಹೆಜ್ಜೆ ಇಡಬಹುದು, ಮೂರು ಸೆಕೆಂಡ್ ಇಟ್ಟುಕೊಳ್ಳಬಹುದು, ಅಷ್ಟೇ. ಗೋಲಿನ ಮುಂದೆ 6 ಮೀಟರ್ ಗೆರೆಯ ಒಳಗೆ ಗೋಲಿ ಬಿಟ್ಟು ಬೇರೆ ಯಾರೂ ಕಾಲಿಡೋ ಹಾಗಿಲ್ಲ. ಆದರೆ ಗೆರೆಯ ಹೊರಗಿಂದ ಹಾರಿ, ನೆಲಕ್ಕೆ ಕಾಲು ತಾಗುವ ಮೊದಲೇ ಚೆಂಡು ಎಸೆಯಬಹುದು. ಇಡೀ ಆಟದ ಚಂದ ಇರೋದೇ ಆ ಗಾಳಿಯಲ್ಲಿರೋ ಅರೆಕ್ಷಣದಲ್ಲಿ.

ಪಾರ್ಟಿಲ್ಲೆ ಅನ್ನೋದು ಗೋಥೆನ್‌ಬರ್ಗ್ ನಗರದ ಪಕ್ಕದ ಒಂದು ಊರು. ಅಲ್ಲಿನ ಐ.ಕೆ. ಸೇವೆಹೋಫ್ ಅನ್ನೋ ಕ್ಲಬ್ ಶುರುವಾಗಿದ್ದು 1950ರಲ್ಲಿ. (ಹೆಸರಲ್ಲೇ ‘ಸೇವೆ’ ಇದೆ ನೋಡಿ! ಸ್ವೀಡಿಷ್‌ನಲ್ಲಿ ಆ ಅರ್ಥ ಇಲ್ಲ ಬಿಡಿ, ನಮಗೆ ಖುಷಿ ಆಯ್ತು ಅಷ್ಟೇ.) ಈ ಕ್ಲಬ್ 1970ರಲ್ಲಿ ಮಕ್ಕಳಿಗೆ, ಯುವಕರಿಗೆ ಅಂತ ಒಂದು ಟೂರ್ನಮೆಂಟ್ ಶುರು ಮಾಡಿತು. ಈಗ ಅಲ್ಲಿಗೆ ಹತ್ತಾರು ದೇಶಗಳಿಂದ ಸಾವಿರಕ್ಕೂ ಹೆಚ್ಚು ತಂಡ ಬರುತ್ತವೆ. ಆಟ ಊರಿನ ಕ್ಲಬ್‌ನದೇ, ಆದರೆ ಜಾಗ ಸಾಲದೆ ಗೋಥೆನ್‌ಬರ್ಗ್ ನಗರದ ನಡುವಿನ ಹೆಡೆನ್ ಮೈದಾನದವರೆಗೂ ಹರಡಿದೆ. ಇಂಥದ್ದು ಇದೊಂದೇ ಅಲ್ಲ. ಅದೇ ದೇಶದ ಲುಂಡ್ ಊರಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಒಳಾಂಗಣದಲ್ಲಿ ಲುಂಡಾಸ್ಪೇಲೆನ್ ನಡೆಯುತ್ತೆ.

ನಮಗೆ ಬೇಕಾಗಿದ್ದ ವಿಷಯ ಇಲ್ಲಿದೆ. ಪಾರ್ಟಿಲ್ಲೆಯಲ್ಲಿ ತಂಡಗಳು ಮೊದಲು ಗುಂಪಿನಲ್ಲಿ ಆಡುತ್ತವೆ. ಮೇಲೆ ಬಂದವರು ‘ಎ’ ಪ್ಲೇಆಫ್‌ಗೆ ಹೋಗ್ತಾರೆ. ಕೆಳಗೆ ಉಳಿದವರು ಮನೆಗೆ ಹೋಗಲ್ಲ, ‘ಬಿ’ ಪ್ಲೇಆಫ್‌ಗೆ ಹೋಗ್ತಾರೆ. ಅದಕ್ಕೂ ಫೈನಲ್ ಇದೆ. ಅಂದರೆ ಮೂರು ಮ್ಯಾಚ್ ಸೋತ ಟೀಮಿಗೂ ಒಂದು ಕಪ್ ಗೆಲ್ಲೋ ಅವಕಾಶ ಇದೆ, ಅದೂ ತನ್ನ ಮಟ್ಟದವರ ಜೊತೆ ಆಡಿ.

ಲೆಕ್ಕ ಹಾಕೋಣ. 32 ಟೀಮ್ ಅಂತ ಇಟ್ಕೊಳ್ಳಿ. ನಾಕೌಟ್‌ನಲ್ಲಿ ಪ್ರತಿ ಮ್ಯಾಚಿಗೂ ಒಂದು ಟೀಮ್ ಹೊರಗೆ. ಕೊನೆಗೆ ಒಂದೇ ಉಳಿಯಬೇಕು, ಹಾಗಾಗಿ 31 ಮ್ಯಾಚ್. ಅದರಲ್ಲಿ 16 ಟೀಮಿಗೆ ಒಂದೇ ಆಟ. ಈಗ ನಾಲ್ಕರಂತೆ ಎಂಟು ಗುಂಪು ಮಾಡಿ. n ಟೀಮಿನ ಗುಂಪಲ್ಲಿ n(n−1)/2 ಮ್ಯಾಚ್, ಅಂದರೆ ನಾಲ್ಕಕ್ಕೆ 6. ಎಂಟು ಗುಂಪಿಗೆ 48. ಮೇಲಿನ 16 ಟೀಮಿನ ಎ ಪ್ಲೇಆಫ್‌ಗೆ 15, ಕೆಳಗಿನ 16ರ ಬಿ ಪ್ಲೇಆಫ್‌ಗೆ 15. ಒಟ್ಟು 78. ಯಾವ ಟೀಮಿಗೂ ನಾಲ್ಕಕ್ಕಿಂತ ಕಡಿಮೆ ಆಟ ಇಲ್ಲ. ಮ್ಯಾಚ್ ಎರಡೂವರೆ ಪಟ್ಟು ಜಾಸ್ತಿ ಆಯ್ತು, ಆದರೆ ಕೊನೆಯ ಟೀಮಿಗೆ ಸಿಗೋ ಆಟ ನಾಲ್ಕು ಪಟ್ಟು ಆಯ್ತು.

ಈ 78 ಮ್ಯಾಚಿಗೆ ಜಾಗ ಎಲ್ಲಿಂದ? ಮ್ಯಾಚಿಗೆ 40 ನಿಮಿಷ ಅಂದ್ರೂ ಒಂದೇ ಕೋರ್ಟಲ್ಲಿ 52 ಗಂಟೆ ಬೇಕು. ಪಾರ್ಟಿಲ್ಲೆ ಕಪ್‌ನವರು ಕಟ್ಟಡಕ್ಕೆ ಕಾಯದೆ ಹೊರಗೆ ಬಯಲಿಗೆ ಬಂದ್ರು, ಕೃತಕ ಹುಲ್ಲಿನ ಮೇಲೆ ಸಾಲು ಸಾಲು ಕೋರ್ಟ್ ಹಾಕ್ತಾರೆ. 105 × 68 ಮೀಟರಿನ ಫುಟ್ಬಾಲ್ ಮೈದಾನ ತಗೊಳ್ಳಿ. ಕೋರ್ಟಿನ ಪಕ್ಕಗಳಲ್ಲಿ 1 ಮೀಟರ್, ಗೋಲಿನ ಹಿಂದೆ 2 ಮೀಟರ್ ಖಾಲಿ ಬಿಟ್ಟರೆ ಒಂದು ಕೋರ್ಟಿಗೆ 44 × 22 ಬೇಕು. ಅಗಲಕ್ಕೆ ಸರಿಯಾಗಿ ನಾಲ್ಕು ನಿಲ್ಲಿಸಿ, ಉಳಿದ ಪಟ್ಟಿಯಲ್ಲಿ ಎರಡು ಉದ್ದಕ್ಕೆ ಮಲಗಿಸಿದರೆ ಆರು ಕೋರ್ಟ್! (ಪೇಪರಲ್ಲಿ ಬರೆದು ನೋಡಿ, ಸರಿಯಾಗಿ ಕೂರುತ್ತೆ.) ಆರು ಕೋರ್ಟಿಗೆ 78 ಮ್ಯಾಚ್ ಹಂಚಿದರೆ ಒಂದೊಂದಕ್ಕೆ 13, ಸುಮಾರು ಒಂಬತ್ತು ಗಂಟೆ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ, ಅದು ಅವರ ಅದೃಷ್ಟ. ತಂಡಗಳ ಮಕ್ಕಳು ಮಲಗೋದು ರಜೆಯಲ್ಲಿ ಖಾಲಿ ಬಿದ್ದಿರೋ ಶಾಲೆಗಳ ಕ್ಲಾಸ್‌ರೂಮಲ್ಲಿ, ನೆಲದ ಮೇಲೆ ಹಾಸಿಗೆ ಹಾಸಿ.

ಚೆಂಡು ಹುಲ್ಲಿನ ಮೇಲೆ ಮರದ ನೆಲದಲ್ಲಿ ಪುಟಿದಷ್ಟು ಪುಟಿಯಲ್ಲ, ಡ್ರಿಬಲ್ ಕಷ್ಟ. ಹಾಗಾಗಿ ಪಾಸ್ ಮಾಡೋದು ಜಾಸ್ತಿ ಮಾಡಬೇಕಾಗುತ್ತೆ. ಮಣ್ಣಿನ ಗ್ರೌಂಡಲ್ಲಿ ಆಡೋ ನಮಗೆ ಇದೇನು ಹೊಸದಲ್ಲ.

ಇಷ್ಟೆಲ್ಲಾ ಬರ್ಕೊಂಡು ನಾವು ನಮ್ಮ ಎಂಟು ಬ್ರಾಂಚಿಗೆ ಒಂದು ಪ್ಲಾನ್ ಮಾಡಿದ್ವಿ. ಎರಡು ಗುಂಪು, 12 ಮ್ಯಾಚ್. ಎ ಪ್ಲೇಆಫ್ 3, ಬಿ ಪ್ಲೇಆಫ್ 3. ಒಟ್ಟು 18. ಒಂದು ಕೋರ್ಟ್, ದಿನಾ ಸಂಜೆ ಎರಡು ಗಂಟೆ, ಆರು ಸಂಜೆಗೆ ಮುಗಿಯುತ್ತೆ. ಪಿ.ಇ. ಸರ್ ಹತ್ರ ತಗೊಂಡು ಹೋದಾಗ ಅವರು ಶೀಟನ್ನ ಎರಡು ಸಲ ಓದಿದ್ರು. ಇಂಟರ್ನಲ್ಸ್ ಡೇಟ್ ಕೇಳಿದ್ರು. ಆಮೇಲೆ, “ಲೆಕ್ಕ ಸರಿ ಇದೆ ಕಣ್ರೋ. ಏಳು ಮ್ಯಾಚಿಗೇ ರೆಫರಿ ಸಿಗಲ್ಲ. ಹದಿನೆಂಟಕ್ಕೆ ಸೀಟಿ ಊದೋರು ಯಾರು, ಸ್ಕೋರ್ ಬರೆಯೋರು ಯಾರು?” ಅಂದ್ರು.

ಪಾರ್ಟಿಲ್ಲೆಯಲ್ಲಿ ಇದಕ್ಕೆ ಉತ್ತರ ಕ್ಲಬ್‌ನವರೇ, ಆಟಗಾರರ ಅಪ್ಪ-ಅಮ್ಮಂದಿರೂ ಸೇರಿ. ನಮ್ಮ ಅಪ್ಪ-ಅಮ್ಮಂದಿರು ಊರಲ್ಲಿದ್ದಾರೆ. ಹಾಗಾಗಿ ಪ್ಲಾನ್‌ನಲ್ಲಿ ಒಂದು ಸಾಲು ಸೇರಿಸಿದ್ವಿ: ಆ ಸಂಜೆ ಆಟ ಇಲ್ಲದ ಟೀಮ್‌ನಿಂದ ಇಬ್ಬರು ರೆಫರಿ, ಒಬ್ಬರು ಟೈಮ್, ಒಬ್ಬರು ಸ್ಕೋರ್. ರೂಲ್ಸ್ ಕಲಿಸೋಕೆ ಒಂದು ಶನಿವಾರ ಕೊಡ್ತೀನಿ ಅಂತ ಸರ್ ಒಪ್ಪಿದ್ದಾರೆ. ಇದುವರೆಗೆ ಹನ್ನೊಂದು ಹೆಸರು ಬಂದಿದೆ, ಅದರಲ್ಲಿ ಏಳು ನಮ್ಮ ಬ್ರಾಂಚಿನವೇ. ಮೆಕ್ಯಾನಿಕಲ್‌ನಿಂದ ಇನ್ನೂ ಒಬ್ಬರೂ ಬಂದಿಲ್ಲ. ಶೀಟ್ ಸ್ಪೋರ್ಟ್ಸ್ ರೂಮಿನ ಬಾಗಿಲಿಗೆ ಅಂಟಿಸಿದೆ, ಪೆನ್ ದಾರಕ್ಕೆ ಕಟ್ಟಿದ್ದೀವಿ.